ಮೊಟೊಮೆ ಮಾತಿಗೆ ತಪ್ಪಿದನೇ?

ಕಳೆದ ಸಂಚಿಕೆಯಲ್ಲಿ ಜಪಾನಿನ ನಿರ್ದೇಶಕ ಮಸಾಕಿ ಕೊಬಯಾಶಿಯವರ 1962ರ ‘ಹರಾಕಿರಿ’ ಚಿತ್ರದ ಬಗ್ಗೆ ಬಂದ ಲೇಖನ ಓದಿ ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: “ಸಮುರಾಯ್ ಚಿತ್ರವೆಂದು ನೋಡಿದರೆ ನಾಯಕ ಬಹಳ ಹೊತ್ತು ಚಾಪೆ ಮೇಲೆ ಕೂತು ಮಾತಾಡುತ್ತಾನೆ. ಅದಿರಲಿ, ಸಾಯುತ್ತೇನೆಂದು ತಾನಾಗಿ ಬಂದವನಿಗೆ ಮಾತು ಉಳಿಸಿಕೋ ಎಂದದ್ದರಲ್ಲಿ ಇಯಿ ಮನೆತನದ ತಪ್ಪೇನು?”

ಮಾನ್ಯರೇ,

ಕತ್ತಿವರಸೆ ಚಿತ್ರದ ಕೊನೆಯ ಭಾಗದಲ್ಲಿ ಬೇಕಾದಷ್ಟಿದೆ. ಬಿರುಗಾಳಿಗೆ ಹುಲ್ಲು ಹೊಯ್ದಾಡುವ ಬಯಲಿನ ಕಾಳಗವೊಂದೇ ಸಾಕು. ನಿಮ್ಮ ಎರಡನೇ ಪ್ರಶ್ನೆ ದೊಡ್ಡದು. ಇಡೀ ಚಿತ್ರ ನಿಂತಿರುವುದೇ ಅದರ ಮೇಲೆ.

ಕಥೆ ನಡೆಯುವುದು 1630ರ ಎಡೊದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ. ಅಪ್ಪಣೆಯಿಲ್ಲದೆ ಕೋಟೆ ದುರಸ್ತಿ ಮಾಡಿಸಿದನೆಂದು ಹಿರೋಶಿಮಾದ ಫುಕುಶಿಮಾ ಪ್ರಭುವಿನ ಸೀಮೆಯನ್ನು, ದೇಶ ಆಳುತ್ತಿದ್ದ ಸೇನಾಧಿಪತಿ ಶೋಗನ್‌ನ ಸರ್ಕಾರ 1619ರಲ್ಲಿ ಕಿತ್ತುಕೊಂಡಿತು. ಅವನನ್ನು ನಂಬಿದ್ದ ಸಮುರಾಯ್‌ಗಳು ಒಡೆಯನಿಲ್ಲದ ರೋನಿನ್‌ಗಳಾದರು. ನಾಯಕ ಹನ್ಶಿರೊ, ಅವನ ಅಳಿಯ ಮೊಟೊಮೆ ಹಾಗೆ ಬೀದಿಗೆ ಬಿದ್ದವರು. ಹೊಟ್ಟೆ ಸೀಳಿಕೊಂಡು ಸಾಯಲು ಅಂಗಳ ಕೊಡಿ ಎಂದು ದೊಡ್ಡಮನೆಗಳ ಬಾಗಿಲಿಗೆ ಹೋದರೆ ನಾಲ್ಕು ಕಾಸು ಕೊಟ್ಟು ಸಾಗಹಾಕುತ್ತಾರೆಂಬ ಸುದ್ದಿಯಿತ್ತು. ಜ್ವರದಿಂದ ಸುಡುತ್ತಿದ್ದ ಮಗುವಿಗೆ ವೈದ್ಯನನ್ನು ಕರೆಸಲು ಮೊಟೊಮೆ ಅದಕ್ಕೂ ಇಳಿದು ಇಯಿ ಎಂಬ ದೊಡ್ಡ ಮನೆತನದ ಬಾಗಿಲಿಗೆ ಹೋದ. ಸುಳ್ಳು ಹೇಳಿದ, ನಿಜ.

ಆದರೆ ಅವನ ಕತ್ತಿಗಳು ಬಿದಿರಿನವೆಂದು ಇಯಿ ಮನೆಯವರು ಮೊದಲೇ ಒರೆ ಕಳಚಿ ನೋಡಿದ್ದರು. ಒಂದೆರಡು ದಿನ ಬಿಡಿ, ಮರಳಿ ಬರುತ್ತೇನೆ ಎಂದು ಅವನು ಬೇಡಿಕೊಂಡರೂ ಬಿಡದೆ, ಆ ಬಿದಿರಿನಿಂದಲೇ ಸಾಯಬೇಕೆಂದರು. ಉಳಿದ ರೋನಿನ್‌ಗಳಿಗೆ ಬುದ್ಧಿ ಬರಲಿ ಎಂಬ ಲೆಕ್ಕ. ಮಾತು ಉಳಿಸಿಕೋ ಎನ್ನುವುದು ಬೇರೆ, ಚಿತ್ರಹಿಂಸೆ ಕೊಡುವುದು ಬೇರೆ.

ಶವ ಮನೆಗೆ ಬಂದ ಮೇಲೆಯೇ ಅಳಿಯ ಕತ್ತಿ ಮಾರಿದ್ದು ಹನ್ಶಿರೊಗೆ ಗೊತ್ತಾಗುವುದು. ತನ್ನದನ್ನು ಮಾರುವ ಯೋಚನೆಯೇ ತನಗೆ ಹೊಳೆಯಲಿಲ್ಲವಲ್ಲ ಎಂದು ಅವನು ಒದ್ದಾಡುವುದನ್ನು ಇನ್ನೊಮ್ಮೆ ನೋಡಿ. ಹನ್ಶಿರೊ ಪಾತ್ರ ಮಾಡಿದ ತತ್ಸುಯಾ ನಕಾಡೈ ಅವರಿಗೆ ಆಗ ಮೂವತ್ತೂ ತುಂಬಿರಲಿಲ್ಲ; ಮೊಮ್ಮಗನಿರುವ ಮಾವನ ಸಂಕಟ ಆ ಮುಖದಲ್ಲಿ ಹೇಗೆ ಬಂತೋ!

ಇನ್ನು ನೀತಿಯ ಮಾತು. ಮೊಟೊಮೆಯ ಸಾವಿಗೆ ಮುಂದಾಗಿ ನಿಂತ ಇಯಿ ಮನೆಯ ಮೂವರ ಜುಟ್ಟನ್ನು ಹನ್ಶಿರೊ ಕತ್ತರಿಸಿ ಅದೇ ಅಂಗಳಕ್ಕೆ ತರುತ್ತಾನೆ. ಜುಟ್ಟು ಹೋದ ಸಮುರಾಯ್‌ಗೆ ಮಾನ ಹೋದಂತೆ, ಪ್ರಾಣ ಬಿಡಬೇಕು. ಇವರೋ, ಕಾಯಿಲೆಯ ನೆಪ ಹೇಳಿ ಮನೆಯಲ್ಲಿ ಕೂತರು. ಕೊನೆಗೆ ಒಬ್ಬ ತಾನೇ ಪ್ರಾಣ ಬಿಟ್ಟ; ಗುಟ್ಟು ಬಯಲಾದ ಮೇಲೆ ಇಯಿ ಮನೆಯ ಕಾರಭಾರಿ ಸೈಟೊ ಉಳಿದಿಬ್ಬರಿಗೂ ಸಾವನ್ನೇ ವಿಧಿಸುತ್ತಾನಲ್ಲ ಎನ್ನಬಹುದು ನೀವು. ಅದು ನೀತಿಗಾಗಿ ಅಲ್ಲ, ಮನೆತನದ ಹೆಸರಿಗಾಗಿ. ಅವರೂ, ಹನ್ಶಿರೊನ ಕತ್ತಿಗೆ ಬಲಿಯಾದವರೂ ಕಾಯಿಲೆಯಿಂದಲೇ ಸತ್ತರೆಂದು ಅವನು ಲೆಕ್ಕ ಮುಚ್ಚಿಸುತ್ತಾನೆ.

— ಸಂಪಾದಕ