ಮಗುವಿನ ಜಂತುಹುಳುವಿಗೆ ಪಪ್ಪಾಯಿ ಬೀಜ ಸಾಕೇ?

ಮೇಡಂ, ಐದು ವರ್ಷದ ಮಗಳಿಗೆ ರಾತ್ರಿ ಗುದದ ಸುತ್ತ ತುರಿಕೆ, ಮಲದಲ್ಲಿ ದಾರದ ಚೂರಿನಂಥ ಬಿಳಿ ಹುಳು. ಮಾತ್ರೆ ಬಿಟ್ಟು ಪಪ್ಪಾಯಿ ಬೀಜ ಕೊಡಲೇ ಅಂತ ಕೇಳಿದ್ದೀರಿ. ದಯವಿಟ್ಟು ಅದನ್ನೇ ನಂಬಿ ಕೂರಬೇಡಿ. ನೈಜೀರಿಯಾದ ಮಕ್ಕಳ ಮೇಲೆ ನಡೆದ ಒಂದು ಸಣ್ಣ ಅಧ್ಯಯನದಲ್ಲಿ ಜೇನು ಬೆರೆಸಿದ ಪಪ್ಪಾಯಿ ಬೀಜ ಫಲ ಕೊಟ್ಟಿದ್ದು ನಿಜ, ಆದರೆ ಅಷ್ಟು ಆಧಾರ ಸಾಲದು. ಬೇವಿನೆಣ್ಣೆಯನ್ನಂತೂ ಕುಡಿಸಲೇಬೇಡಿ, ಚಿಕ್ಕ ಮಕ್ಕಳಿಗೆ ಅದು ವಿಷ.

ಈ ಹುಳುವಿನ ಹೆಣ್ಣು ರಾತ್ರಿ ಹೊರಬಂದು ಗುದದ ಸುತ್ತ ಮೊಟ್ಟೆ ಇಡುತ್ತದೆ. ಮಗು ಕೆರೆದಾಗ ಮೊಟ್ಟೆ ಉಗುರಿನ ಸಂದಿಗೆ, ಅಲ್ಲಿಂದ ಮತ್ತೆ ಬಾಯಿಗೆ. ಹಾಸಿಗೆ, ಬಟ್ಟೆಯ ಮೇಲೂ ಅವು ಎರಡು ವಾರದವರೆಗೆ ಬದುಕಿರಬಲ್ಲವು. ಹಾಗಾಗಿ ನಿಜವಾದ ಮನೆಮದ್ದು ಇಷ್ಟೇ: ಉಗುರು ಗಿಡ್ಡವಾಗಿ ಕತ್ತರಿಸಿ, ಬೆಳಗ್ಗೆ ಎದ್ದ ಕೂಡಲೇ ಗುದದ ಸುತ್ತ ತೊಳೆಯಿರಿ, ಚಡ್ಡಿ ದಿನಾ ಬದಲಿಸಿ, ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಿರಿ.

ಡಾಕ್ಟರ್ ಸಾಮಾನ್ಯವಾಗಿ ಅಲ್ಬೆಂಡಜೋಲ್ ಎಂಬ ಜಂತುಹುಳುವಿನ ಮಾತ್ರೆ ಬರೆಯುತ್ತಾರೆ. ಮಾತ್ರೆ ಮೊಟ್ಟೆಗಳನ್ನು ಕೊಲ್ಲುವುದಿಲ್ಲ, ಅದಕ್ಕೇ ಎರಡು ವಾರಕ್ಕೆ ಇನ್ನೊಂದು ಡೋಸ್. ಮನೆಯವರೆಲ್ಲ ಒಟ್ಟಿಗೆ ತೆಗೆದುಕೊಳ್ಳಬೇಕೇ ಅಂತ ಕೇಳಿ. ನೀವು ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ.

ಮಜ್ಜಿಗೆ, ರಾಗಿ ಅಂಬಲಿ ಖಂಡಿತ ಕೊಡಿ, ಹೊಟ್ಟೆಗೆ ಹಿತ. ಬೆಲ್ಲ ತಿಂದಿದ್ದಕ್ಕೆ ಹುಳುವಾಯಿತು ಅಂತ ಮಾತ್ರ ಮಗುವನ್ನು ಗದರಬೇಡಿ, ಸಿಹಿಯಿಂದ ಹುಳು ಹುಟ್ಟುವುದಿಲ್ಲ.