ಹಿಮ್ಮಡಿ ಮೂಳೆ ಕಿತ್ತು ಬಂದ್ರೆ ಕಟ್ಟು ಹಾಕ್ಸಿದ್ರೆ ಸಾಕಾ?

ಪ್ರಶ್ನೆ: ಸರ್, ನಮ್ಮವ್ವಂಗೆ 64 ವರ್ಷ, ಶುಗರ್ ಐತೆ. ಮೆಟ್ಲು ಇಳಿಯುವಾಗ ಕಾಲು ಜಾರಿ ಹಿಮ್ಮಡಿ ಹತ್ರ ಟಪ್ ಅಂತು, ಎಕ್ಸ್‌ರೇ ನೋಡಿ ಮೂಳೆ ಚೂರು ಕಿತ್ತು ಮೇಲಕ್ಕೆ ಹೋಗೈತೆ, ಆಪರೇಷನ್ ಬೇಕು ಅಂದ್ರು. ಮನೇಲಿ ನಾಟಿ ಕಟ್ಟು ಹಾಕ್ಸೋಣ ಅಂತಾರೆ, ಏನ್ಮಾಡ್ಲಿ?
— ಓದುಗರು, ದಾವಣಗೆರೆ

ಉತ್ತರ: ಇದು ಪತ್ರಿಕೆ ಬರೋವರ್ಗೂ ಕಾಯೋ ವಿಷ್ಯ ಅಲ್ಲ ಅಂತ ನಿಮಗೆ ಫೋನಲ್ಲೇ ಹೇಳ್ದೆ, ಬೇರೆಯವ್ರಿಗೂ ಗೊತ್ತಾಗ್ಲಿ ಅಂತ ಬರೀತಿದೀನಿ.

ಮೀನಖಂಡದಿಂದ ಹಿಮ್ಮಡಿಗೆ ಬರೋ ದಪ್ಪ ಅಕಿಲಿಸ್ ಟೆಂಡನ್ (ಮಾಂಸಖಂಡಾನ ಮೂಳೆಗೆ ಕಟ್ಟಿರೋ ಹುರಿ) ಜೋರಾಗಿ ಎಳೆದಾಗ ಮೂಳೆ ಚೂರೇ ಕಿತ್ತು ಬರುತ್ತೆ, ವಯಸ್ಸಾದೋರು, ಮೂಳೆ ಸವೆದೋರು, ಶುಗರ್ ಇರೋರಲ್ಲಿ ಸಣ್ಣ ಜಾರಿಕೆಗೂ ಆಗ್ಬಹುದು. ಕಿತ್ತ ಚೂರನ್ನ ಟೆಂಡನ್ ಮೇಲಕ್ಕೆ ಎಳೀತಾನೇ ಇರುತ್ತೆ, ಹೊರಗಿಂದ ಕಟ್ಟು ಹಾಕಿದ್ರೆ ಅದು ಕೆಳಗೆ ಬರಲ್ಲ. ನಂಗೆ ನಿಜವಾದ ಭಯ ಚರ್ಮದ್ದು. ಅಲ್ಲಿ ಮಾಂಸ ಇಲ್ಲ, ಚೂರು ಒಳಗಿಂದ ಒತ್ತಿ ರಕ್ತ ಓಡಾಟ ನಿಂತ್ರೆ ಕೆಲವೇ ಗಂಟೆಗಳಲ್ಲಿ ಚರ್ಮ ಸಾಯಬಹುದು. ಚರ್ಮ ಬಿಳಿಚಿದ್ರೆ, ಕಪ್ಪಾದ್ರೆ, ಗುಳ್ಳೆ ಎದ್ರೆ ರಾತ್ರಿ ಆದ್ರೂ ಸರಿ, ಚಿಗಟೇರಿ ಜಿಲ್ಲಾಸ್ಪತ್ರೆಗಾದ್ರೂ ಹೋಗಿ, ಬೆಳಗಾಗ್ಲಿ ಅನ್ಬೇಡಿ.

ಚೂರು ಜರುಗದೇ ಇದ್ರೆ ಪಾದ ಕೆಳಮುಖ ಇಟ್ಟು ಪ್ಲಾಸ್ಟರ್ ಸಾಕಾಗ್ಬಹುದು, ಜರುಗಿದ್ರೆ ಸ್ಕ್ರೂ, ವೈರು ಹಾಕಿ ಕೂರಿಸ್ತಾರೆ. ಆಮೇಲೂ ಸುಮಾರು 6 ವಾರ ಆ ಕಾಲ ಮೇಲೆ ಭಾರ ಹಾಕ್ಬಾರ್ದು, ಬಾತ್‌ರೂಮಿಗೆ ನಾಕ್ ಹೆಜ್ಜೆ ತಾನೇ ಅಂತ ಊರಿದ್ರೆ ಮೆತ್ತನೆ ಮೂಳೇಲಿ ಸ್ಕ್ರೂ ಕಿತ್ತು ಬರುತ್ತೆ. ಶುಗರ್ ಕಂಟ್ರೋಲ್ ಇಲ್ದಿದ್ರೆ ಗಾಯ ಕೀವಾಗುತ್ತೆ, ತಂಬಾಕು ಇದ್ರೆ ಅವ್ವಂಗೆ ಬಿಡಿಸಿ. ಜ್ವರ, ಕೀವು, ಮೀನಖಂಡ ಊದ್ಕೊಂಡು ನೋವು ಬಂದ್ರೆ ತಕ್ಷಣ ತೋರ್ಸಿ.