ಹಲವು ಊರುಗಳಿಗೆ ಒಂದೇ ವಿಮಾನ ನಿಲ್ದಾಣ

ಪ್ರಶ್ನೆ: ಕಲಬುರಗಿ, ಬೀದರ್ ಎರಡು ಕಡೆಯೂ ವಿಮಾನ ನಿಲ್ದಾಣಗಳಿವೆ, ಆದರೆ ವಿಮಾನ ಬರುತ್ತದೆ, ನಿಲ್ಲುತ್ತದೆ ಎಂಬಂತಾಗಿದೆ. ಜಪಾನಿನಲ್ಲಿ ನೆರೆಹೊರೆಯ ಸಣ್ಣ ಊರುಗಳು ಸೇರಿ ಒಂದೇ ದೇಶೀಯ ನಿಲ್ದಾಣವನ್ನು ಉಳಿಸಿಕೊಂಡಿವೆಯಂತೆ, ಹೇಗೆ?
– ಓದುಗರೊಬ್ಬರು, ಯಾದಗಿರಿ

ಉತ್ತರ: ನೀವು ಕೇಳಿರುವುದು ಬಹುಶಃ ಇಶಿಕಾವಾ ಪ್ರಾಂತ್ಯದ ನೋಟೊ ನಿಲ್ದಾಣದ ವಿಷಯ. ಸಮುದ್ರಕ್ಕೆ ಚಾಚಿಕೊಂಡ ಪರ್ಯಾಯದ್ವೀಪದ ಗುಡ್ಡದ ಮೇಲೆ, 2,000 ಮೀಟರ್ ರನ್‌ವೇಯೊಂದಿಗೆ, ಅದು 2003ರ ಜುಲೈ 7ರಂದು ಆರಂಭವಾಯಿತು. ಬೀದರಿಗೆ ಬಿದ್ರಿ ಹೇಗೋ ಹಾಗೆ ಮೆರುಗೆಣ್ಣೆಯ ಪಾತ್ರೆಗಳಿಂದ ಹೆಸರಾದ ವಾಜಿಮಾ, ತುತ್ತತುದಿಯ ಸುಜು, ಅನಮಿಜು, ನೋಟೊ ಪಟ್ಟಣಗಳಿಗೆಲ್ಲ ಇದೊಂದೇ ನಿಲ್ದಾಣ. ವಾಜಿಮಾಕ್ಕೆ ಹೋಗುತ್ತಿದ್ದ ರೈಲು 2001ರಲ್ಲೇ ನಿಂತುಹೋಗಿತ್ತು.

ನಿಲ್ದಾಣ ಕಟ್ಟುವುದಕ್ಕಿಂತ ಸೀಟು ತುಂಬಿಸುವುದು ಕಷ್ಟವೆಂಬುದು ಅಲ್ಲಿಯವರಿಗೆ ಮೊದಲೇ ತಿಳಿದಿತ್ತು. ಟೋಕಿಯೊದ ಹಾನೆದಾ ವಿಮಾನ ನಿಲ್ದಾಣಕ್ಕೆ ದಿನಕ್ಕೆ ಒಂದಲ್ಲ, ಎರಡು ವಿಮಾನಗಳು ಬೇಕೆಂದು ಪಟ್ಟು ಹಿಡಿದ ಸ್ಥಳೀಯ ಆಡಳಿತಗಳು ಆಲ್ ನಿಪ್ಪಾನ್ ಏರ್‌ವೇಸ್ ಜೊತೆ ಒಂದು ಕರಾರು ಮಾಡಿಕೊಂಡವು: ಮೊದಲ ವರ್ಷ ಸರಾಸರಿ ನೂರಕ್ಕೆ 70 ಸೀಟುಗಳು ತುಂಬದಿದ್ದರೆ ನಷ್ಟವನ್ನು ತಾವು ಭರಿಸಬೇಕು, ನಿರೀಕ್ಷೆ ಮೀರಿ ತುಂಬಿದರೆ ಕಂಪನಿಯೇ ಪ್ರಾಂತ್ಯಕ್ಕೆ ಹಣ ಕೊಡಬೇಕು. ಆ ವರ್ಷ ಶೇಕಡಾ 79ಕ್ಕೂ ಹೆಚ್ಚು ತುಂಬಿ, ಹಣ ಕೈಗೆ ಬಂದದ್ದು ಪ್ರಾಂತ್ಯಕ್ಕೆ. ಸಣ್ಣ ಊರುಗಳಿಗೆ ವಿಮಾನ ಒದಗಿಸುವ ನಮ್ಮ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಲ್ಲೂ ನಷ್ಟ ತುಂಬಿಕೊಡುವ ಏರ್ಪಾಡು ಇದೆ. ಆದರೆ ಅದು ಸಾಮಾನ್ಯವಾಗಿ ಮೂರು ವರ್ಷಗಳ ಸಹಾಯಧನ, ಸೀಟು ತುಂಬಿಸುವ ಹೊಣೆ ಊರಿನವರ ಮೇಲೆ ಬೀಳುವುದಿಲ್ಲ. ನನ್ನ ದೃಷ್ಟಿಯಲ್ಲಿ ವ್ಯತ್ಯಾಸವಿರುವುದು ಇಲ್ಲಿಯೇ. 2020ರ ಫೆಬ್ರವರಿಯಲ್ಲಿ ಆರಂಭವಾದ ಬೀದರ್–ಬೆಂಗಳೂರು ವಿಮಾನ ನಿಂತು ಮತ್ತೆ ಹಾರಿದ ಕತೆ ನಿಮಗೆ ಗೊತ್ತೇ ಇದೆ.

ಇನ್ನು, ವಿಮಾನ ಇಳಿದ ಮೇಲೆ ಮನೆ ತಲುಪುವ ದಾರಿ. ನೋಟೊದಲ್ಲಿ 'ಫುರುಸಾತೊ ಟ್ಯಾಕ್ಸಿ' ಎಂಬ ಹಂಚಿಕೊಂಡು ಹೋಗುವ ವಾಹನಗಳಿವೆ. ಮುಂಚಿತವಾಗಿ ಹೇಳಿಟ್ಟರೆ ಪರ್ಯಾಯದ್ವೀಪದ ಊರುಗಳಿಗೆ ಒಯ್ಯುತ್ತವೆ. ನಿಲ್ದಾಣದ ಕಟ್ಟಡದಲ್ಲೇ ಪ್ರಾಂತ್ಯದ ಸರ್ಕಾರಿ ಕಚೇರಿಗಳೂ ಇರುವುದರಿಂದ, ದಿನಕ್ಕೆ ಎರಡೇ ವಿಮಾನ ಬಂದರೂ ಆ ಜಾಗ ಬಿಕೋ ಎನ್ನುವುದಿಲ್ಲ.

2024ರ ಜನವರಿ 1ರ ಭೂಕಂಪದಲ್ಲಿ ರನ್‌ವೇ ಬಿರುಕು ಬಿಟ್ಟಿತು. ರಸ್ತೆಗಳೂ ಕುಸಿದಿದ್ದ ಆ ಸ್ಥಿತಿಯಲ್ಲಿ ತುರ್ತು ದುರಸ್ತಿ ನಡೆದು, ಜನವರಿ 27ರಿಂದ ವಾರಕ್ಕೆ ಮೂರು ದಿನ ಪ್ರಯಾಣಿಕರ ವಿಮಾನ ಮತ್ತೆ ಆರಂಭವಾಯಿತು.

ನಿಮ್ಮ ಯಾದಗಿರಿಯ ಮಾತಿಗೆ ಬಂದರೆ, ಹೊಸ ನಿಲ್ದಾಣ ಕೇಳುವುದಕ್ಕಿಂತ ಶ್ರೀನಿವಾಸ ಸರಡಗಿಯ ಬಳಿ ಇರುವ ಕಲಬುರಗಿ ನಿಲ್ದಾಣಕ್ಕೆ ವಿಮಾನದ ವೇಳೆಗೆ ಸರಿಯಾಗಿ ಒಂದು ಬಸ್ಸು ಕೇಳುವುದು ಲೇಸು. ನೋಟೊದವರಿಗೆ ಇಲ್ಲದ ಅನುಕೂಲವೊಂದು ನಿಮಗಿದೆ: ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಗ್ಗೆ ಬೆಂಗಳೂರು. ವಿಮಾನ ಪೈಪೋಟಿ ನಡೆಸಬೇಕಾಗಿರುವುದು ಆ ರೈಲಿನೊಂದಿಗೆ.